ಅಕ್ಕಾ, ನಿದ್ದೆ ಬಂತಾ?

ನಿನ್ನೆ ರಾತ್ರಿ 8.45ಕ್ಕೆ ಮಕ್ಕಳ ಕೋಣೆಯ ದೀಪ ಆರಿಸಿದೆ. ಒಳಗಿನಿಂದ ಕೊನೆಯ ಮಾತು ಕೇಳಿಸಿದ್ದು 10.20ಕ್ಕೆ. ನಡುವಿನ ಒಂದೂವರೆ ಗಂಟೆ ಚಿಲ್ಲರೆಯನ್ನು ನಾನು ಬಾಗಿಲ ಹೊರಗೆ ಗೋಡೆಗೊರಗಿ ನೆಲದ ಮೇಲೆ ಕುಳಿತು ಕಳೆದಿದ್ದೇನಾದ್ದರಿಂದ, ಈ ಬರಹದಲ್ಲಿ ಅಲ್ಲಲ್ಲಿ ಸಿಡುಕು ಕಂಡರೆ ಓದುಗರು ಮನ್ನಿಸಬೇಕು.

ಇಬ್ಬರನ್ನೂ ಒಂದೇ ಕೋಣೆಯಲ್ಲಿ ಮಲಗಿಸಿದರೆ ಜೊತೆಯ ಧೈರ್ಯಕ್ಕೆ ಚೆನ್ನಾಗಿ ನಿದ್ರಿಸುತ್ತಾರೆ ಎಂದು ನಮಗೆ ಸಲಹೆ ಕೊಟ್ಟವರೆಲ್ಲರೂ ತಮ್ಮ ತಮ್ಮ ಮನೆಗಳಲ್ಲಿ ಬೆಳಗಿನವರೆಗೆ ಸುಖವಾಗಿ ಗೊರಕೆ ಹೊಡೆಯುವವರು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ನನ್ನ ಮಕ್ಕಳಿಗೆ ಚಿಂತೆ ಎಂಬುದೇ ಇಲ್ಲ, ನಿಜ. ಆದರೆ ದೀಪ ಆರಿದೊಡನೆ ಸಂತೆ ನೆರೆಸುವವರೂ ಅವರೇ.

ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಮಗಳದು ಸರಳ ಸ್ವಭಾವ. ಕತ್ತಲು, ಹೊದಿಕೆ, ಮೌನ ಈ ಮೂರು ಸಿಕ್ಕರೆ ಕಾಲು ಗಂಟೆಯೊಳಗೆ ಮಲಗಿಬಿಡುವ ಹುಡುಗಿ. ಮೂರನೆಯದು ಅವಳಿಗೆ ಸಿಗುವುದಿಲ್ಲ. ಎರಡೆರಡು ನಿಮಿಷಕ್ಕೊಮ್ಮೆ, ಗಡಿಯಾರಕ್ಕೂ ಇಲ್ಲದ ನಿಷ್ಠೆಯಿಂದ, ಪಕ್ಕದ ಹಾಸಿಗೆಯಿಂದ ಒಂದು ಪ್ರಶ್ನೆ ಬರುತ್ತದೆ.

"ಅಕ್ಕಾ, ನಿದ್ದೆ ಬಂತಾ?"

"ಹೂಂ, ಬಂತು."

"ಬಂದ್ರೆ ಹೆಂಗೆ ಮಾತಾಡ್ತಿದ್ದೀಯ?"

"ನೀನು ಕೇಳ್ದೆ, ಅದಕ್ಕೆ ಹೋಯ್ತು."

"ಎಲ್ಲಿಗೆ ಹೋಯ್ತು?"

ಈ ಕೊನೆಯ ಪ್ರಶ್ನೆಗೆ ಅಕ್ಕನ ಬಳಿ ಉತ್ತರವಿಲ್ಲ, ನನ್ನ ಬಳಿಯೂ ಇಲ್ಲ. ತಪ್ಪು ಮಗುವಿನದಲ್ಲ, ನಮ್ಮ ಭಾಷೆಯದು. ನಿದ್ದೆ ಬರುತ್ತದೆ, ಹತ್ತುತ್ತದೆ, ಹಾರಿಹೋಗುತ್ತದೆ ಎಂದು ದೊಡ್ಡವರೆಲ್ಲ ಎದುರಿಗೇ ಆಡಿಕೊಳ್ಳುತ್ತಿದ್ದರೆ, ಅದು ಕಾಲೋ ರೆಕ್ಕೆಯೋ ಇರುವ ಯಾವುದೋ ಪ್ರಾಣಿಯೆಂದು ನಾಲ್ಕು ವರ್ಷದವನು ತಿಳಿದರೆ ಆಶ್ಚರ್ಯವೇನು? ಅದು ಬಾಗಿಲ ಕೆಳಗಿನ ಸಂದಿಯಿಂದ ಒಳಗೆ ನುಸುಳುತ್ತದೆ ಎಂಬುದು ಅವನ ಖಚಿತ ಅಭಿಪ್ರಾಯ. ಹೀಗಾಗಿಯೇ ಪುಟ್ಟ ದೀಪವೊಂದು ಉರಿಯುತ್ತಿರಬೇಕೆಂದು ಅವನ ಹಟ. ಇಲ್ಲದಿದ್ದರೆ ಬರುವ ನಿದ್ದೆಗೆ ದಾರಿ ಕಾಣುವುದು ಹೇಗೆ? ನಿದ್ದೆಗೆ ಮೈಯನ್ನು ಅಣಿಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಬೆಳಕು ಕಂಡರೆ ಹಿಂಜರಿಯುತ್ತದೆ, ಅದರಲ್ಲೂ ಚಿಕ್ಕ ಮಕ್ಕಳಲ್ಲಿ ಹೆಚ್ಚು ಎಂದು ನಾನು ಓದಿಕೊಂಡಿದ್ದೇನಾದ್ದರಿಂದ, ಈ ವ್ಯಾಜ್ಯದಲ್ಲಿ ವಿಜ್ಞಾನ ಅಕ್ಕನ ಪಕ್ಷಕ್ಕಿದೆ. ಸ್ವಿಚ್ಚು ಮಾತ್ರ ತಮ್ಮನ ತಲೆದಿಂಬಿನ ಬದಿಗಿದೆ.

ಇಷ್ಟಾದರೂ ಅಕ್ಕನ ನಿದ್ದೆಯ ಮೇಲೆ ಅವನಿಗೇಕೆ ಇಷ್ಟು ಕಾಳಜಿ ಎಂಬುದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಕೇಳಿದಾಗ ತಿಳಿಯಿತು, ಅದು ಕಾಳಜಿಯಲ್ಲ, ಲೆಕ್ಕಾಚಾರ. ಒಂದು ಕೋಣೆಗೆ ಒಂದು ರಾತ್ರಿಗೆ ಬರುವುದು ಒಂದೇ ನಿದ್ದೆ. ಅಕ್ಕ ದೊಡ್ಡವಳು, ಅವಳೇ ಮೊದಲು ಹಿಡಿದುಕೊಂಡು ಪೂರ್ತಿ ಮುಗಿಸಿಬಿಟ್ಟರೆ ತನ್ನ ಪಾಲಿನ ಗತಿಯೇನು? ಸಿಹಿ ಹಂಚುವಾಗ ಅವಳ ಕೈ ಎಷ್ಟು ಉದಾರವೆಂದು ಬಲ್ಲ ನನಗೆ ಈ ಅನುಮಾನ ತೀರಾ ಆಧಾರವಿಲ್ಲದ್ದೆಂದು ಹೇಳಲಾಗಲಿಲ್ಲ.

3ರಿಂದ 5 ವರ್ಷದ ಮಕ್ಕಳಿಗೆ ಹಗಲಿನ ಜೊಂಪೂ ಸೇರಿ ದಿನಕ್ಕೆ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಬೆಳಿಗ್ಗೆ 6.30ಕ್ಕೆ ಎಬ್ಬಿಸಬೇಕಾದ ಮನೆಯಲ್ಲಿ 10.20ರವರೆಗೆ ನಿದ್ದೆಯ ಪಾಲುಪಟ್ಟಿ ನಡೆದರೆ ಗಂಟೆಗಳನ್ನು ಎಲ್ಲಿಂದ ತರುವುದು? ಆದ್ದರಿಂದ ಕಳೆದ ವಾರ ಮೂರು ರಾತ್ರಿ ಅವರನ್ನು ಬೇರೆ ಬೇರೆ ಕೋಣೆಗಳಲ್ಲಿ ಮಲಗಿಸಿದೆವು.

ಫಲ ಕೂಡಲೇ ಕಂಡಿತು. ಇಬ್ಬರೂ 9.15ರೊಳಗೆ ಮಲಗಿದರು. ನಾನೂ ನನ್ನ ಹೆಂಡತಿಯೂ ಎದುರು ಬದುರು ಕುಳಿತು, ಇಷ್ಟು ಬಿಡುವಿನಲ್ಲಿ ಏನು ಮಾಡಬೇಕೆಂದು ತಿಳಿಯದೆ, ಮಕ್ಕಳ ಬಗ್ಗೆಯೇ ಮಾತಾಡಿದೆವು. ಹನ್ನೊಂದೂವರೆಗೆ ಹಜಾರದಲ್ಲಿ ಪುಟ್ಟ ಹೆಜ್ಜೆಗಳ ಸದ್ದಾಯಿತು. ಎದ್ದು ನೋಡಿದರೆ ಮಗರಾಯ ಹೊದಿಕೆಯನ್ನು ನೆಲದ ಮೇಲೆ ಎಳೆದುಕೊಂಡು ಹೋಗಿ, ಅಕ್ಕನ ಮುಖದ ಮೇಲೆ ಬಾಗಿ, ತೋರುಬೆರಳಿನಿಂದ ಅವಳ ಎಡಗಣ್ಣಿನ ರೆಪ್ಪೆಯನ್ನು ನಿಧಾನವಾಗಿ ಮೇಲೆತ್ತಿ, ಒಳಗೆ ಇಣುಕಿ, ಆ ಕಣ್ಣಿಗೇ ಕೇಳುತ್ತಿದ್ದ: "ಅಕ್ಕಾ, ನಿದ್ದೆ ಬಂತಾ?" ರಾತ್ರಿಯ ಮೊದಲ ಭಾಗದಲ್ಲಿ ಮಕ್ಕಳ ನಿದ್ದೆ ಬಹಳ ಆಳ, ಅವಳು ಅಲುಗಲಿಲ್ಲ. ರೆಪ್ಪೆಯನ್ನು ಮೊದಲಿನಂತೆ ಮುಚ್ಚಿ, ನನ್ನ ಕಡೆ ತಿರುಗಿ, ಸೋತವನ ದನಿಯಲ್ಲಿ "ಎಲ್ಲಾ ಅವಳಿಗೇ ಬಂದುಬಿಟ್ಟಿದೆ" ಎಂದ. ಆ ರಾತ್ರಿ ಹೀಗೆ ಮೂರು ಸಲ ತಪಾಸಣೆ ನಡೆಯಿತು.

ನಿದ್ದೆ ಒಂದೇ ಎಳೆಯಾಗಿ ಬೆಳಗಿನವರೆಗೆ ಸಾಗುವುದಿಲ್ಲ. ಸುತ್ತುಗಳಾಗಿ ಬರುತ್ತದೆ, ಸುತ್ತು ಸುತ್ತಿನ ನಡುವೆ ಎಲ್ಲರೂ ಕ್ಷಣಕಾಲ ಎಚ್ಚರದ ಅಂಚಿಗೆ ಬಂದು ಹೋಗುತ್ತಾರೆ. ಮಲಗುವಾಗ ಸುತ್ತಲೂ ಏನಿತ್ತೋ ಅದೇ ಇದ್ದರೆ ಮಗ್ಗುಲು ಬದಲಿಸಿ ಮತ್ತೆ ಇಳಿದುಬಿಡುತ್ತಾರೆ. ಇಲ್ಲದಿದ್ದರೆ ಎದ್ದು ಹುಡುಕುತ್ತಾರೆ. ಈಗ ಇಬ್ಬರನ್ನೂ ಹಳೆಯ ಕೋಣೆಗೇ ಸೇರಿಸಿದ ಮೇಲೆ ನಡುರಾತ್ರಿ ಬಾಗಿಲಲ್ಲಿ ನಿಂತು ಗಮನಿಸಿದ್ದೇನೆ. ಅವನು ಹೊರಳುತ್ತಾನೆ, ಅಕ್ಕ ಹಲ್ಲು ಕಡಿಯುವ ಸದ್ದು ಕೇಳುತ್ತದೆ, ನಿಟ್ಟುಸಿರಿಟ್ಟು ಮಲಗುತ್ತಾನೆ. ನಮಗೆ ಮೈ ಜುಮ್ಮೆನ್ನಿಸುವ ಆ ಕರಕರ ಅವನಿಗೆ ಜೋಗುಳ. ಒಟ್ಟಿಗಿದ್ದರೆ ನಿದ್ದೆ ಹತ್ತುವುದು ಕಷ್ಟ, ಹತ್ತಿದ್ದು ಬಿಡುವುದಿಲ್ಲ. ಬೇರೆಯಾದರೆ ಬೇಗ ಹತ್ತುತ್ತದೆ, ನಿಲ್ಲುವುದಿಲ್ಲ. ಕನಿಷ್ಠ ನಮ್ಮ ಮನೆಯ ಲೆಕ್ಕ ಇದು.

ಮಕ್ಕಳ ನಿದ್ದೆ ಕಾದು ಕುಳಿತ ಅಪ್ಪಂದಿರಲ್ಲಿ ನಾನು ಮೊದಲಿಗನಲ್ಲ ಎಂಬುದೊಂದೇ ಸಮಾಧಾನ. ಚಿಕಾಗೊದಲ್ಲಿ ಯೂಜೀನ್ ಅಸೆರಿನ್ಸ್ಕಿ ಎಂಬ ಸಂಶೋಧನಾ ವಿದ್ಯಾರ್ಥಿ ತಮ್ಮ ಎಂಟು ವರ್ಷದ ಮಗನ ಕಣ್ಣುಗಳ ಬಳಿ ತಂತಿಗಳನ್ನು ಅಂಟಿಸಿ ರಾತ್ರಿಯಿಡೀ ಎಚ್ಚರವಿದ್ದು ನೋಡಿದರು. ನಿದ್ದೆಯಲ್ಲಿ ಕಣ್ಣುಗುಡ್ಡೆಗಳು ಸರಸರನೆ ಚಲಿಸುವ ಹಂತವೊಂದಿದೆ ಎಂದು ತಮ್ಮ ಮಾರ್ಗದರ್ಶಕರಾದ ಕ್ಲೈಟ್‌ಮನ್ ಅವರೊಂದಿಗೆ 1953ರಲ್ಲಿ ಪ್ರಕಟಿಸಿದರು. ನನಗೆ ದಕ್ಕಿದ್ದು ಸೊಂಟನೋವು. ಪಕ್ಕದಲ್ಲಿ ಒಬ್ಬ ತಮ್ಮನನ್ನೂ ಮಲಗಿಸಿದ್ದರೆ ಅವರ ಸಂಶೋಧನೆ ಎಲ್ಲಿಗೆ ಮುಟ್ಟುತ್ತಿತ್ತೋ ನೋಡಬೇಕಿತ್ತು.

ನಾನೂ ಅಣ್ಣನ ಪಕ್ಕದಲ್ಲಿ ಮಲಗಿ ಬೆಳೆದವನು. ಅವನು ಕಥೆಯ ಅರ್ಧಕ್ಕೇ ಮಾತು ನಿಲ್ಲಿಸಿ ನಿದ್ದೆಹೋಗುತ್ತಿದ್ದ. ರಾಕ್ಷಸನ ಗುಹೆಯ ಬಾಗಿಲಲ್ಲಿ ಎಷ್ಟೋ ರಾತ್ರಿ ನನ್ನನ್ನು ಒಬ್ಬನನ್ನೇ ಬಿಟ್ಟುಹೋಗಿದ್ದಾನೆ. ಅವನ ಉಸಿರು ಕೇಳುತ್ತಿದ್ದುದರಿಂದ ಹೆದರಿಕೆಯಾಗುತ್ತಿರಲಿಲ್ಲ. ಆ ಕಥೆಗಳ ಉಳಿದರ್ಧ ಏನೆಂದು ಈಚೆಗೆ ಫೋನಿನಲ್ಲಿ ಕೇಳಿದೆ. ಅವನಿಗೆ ಮೊದಲರ್ಧವೂ ನೆನಪಿಲ್ಲ.

ನಿನ್ನೆಯ ವಿಷಯಕ್ಕೆ ಬರುತ್ತೇನೆ. ಹತ್ತು ಗಂಟೆಯ ಸುಮಾರಿಗೆ ಒಳಗೆ ಸದ್ದಡಗಿತು. ಐದು ನಿಮಿಷ ಕಾದೆ, ಹತ್ತು ನಿಮಿಷ ಕಾದೆ. ಹಾಗೆಯೇ ಎದ್ದುಹೋಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಖಾತ್ರಿ ಮಾಡಿಕೊಳ್ಳುವ ಚಪಲ ತಡೆಯಲಾಗದೆ, ಬಾಗಿಲನ್ನು ಒಂದು ಅಂಗುಲ ಸರಿಸಿ, ಕೇಳಬಾರದ್ದನ್ನು ನಾನೇ ಪಿಸುಗುಟ್ಟಿದೆ: "ನಿದ್ದೆ ಬಂತಾ?"

"ಬಂತು," ಎಂದಳು ಮಗಳು.

"ನಂಗೂ ಬಂತು ಅಪ್ಪಾ. ಅರ್ಧ ಅರ್ಧ ಮಾಡಿಕೊಂಡ್ವಿ. ನಿಂಗೆ ಉಳಿದಿಲ್ಲ," ಎಂದ ಮಗ.