ಮೊದಲು ಪಾಸ್‌ಬುಕ್, ಆಮೇಲೆ ಅ ಆ ಇ ಈ

ಸಾಕ್ಷರತಾ ತರಗತಿಗೆ ಹೆಣ್ಣುಮಕ್ಕಳು ಬರುವುದಿಲ್ಲ, ಬಂದರೂ ಹದಿನೈದು ದಿನ ನಿಲ್ಲುವುದಿಲ್ಲ, ಅವರಿಗೆ ಆಸಕ್ತಿಯೇ ಇಲ್ಲ ಎಂಬ ಮಾತನ್ನು ನಮ್ಮ ರಾಯಚೂರು ಜಿಲ್ಲೆಯಲ್ಲಿ ಕೇಳಿ ಕೇಳಿ ಸಾಕಾಗಿದೆ. ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರಾತ್ರಿ ಪಾಠ ಹೇಳುವ ನಾನು ಇದನ್ನು ಸುತರಾಂ ಒಪ್ಪುವುದಿಲ್ಲ. ದಿನವಿಡೀ ಕೆಸರಿನಲ್ಲಿ ಬಗ್ಗಿ ನಾಟಿ ಹಚ್ಚಿ, ಮನೆಗೆ ಬಂದು ರೊಟ್ಟಿ ಬಡಿದು, ಮಕ್ಕಳನ್ನು ಮಲಗಿಸಿ ಎಂಟೂವರೆಗೆ ಸ್ಲೇಟು ಹಿಡಿದು ಬರುವವರಿಗೆ ಆಸಕ್ತಿ ಇಲ್ಲ ಎನ್ನಲು ನಾಲಿಗೆಯಾದರೂ ಹೇಗೆ ಹೊರಳುತ್ತದೆ?

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36, ನಮ್ಮ ಜಿಲ್ಲೆಯದು ಶೇ 59.56, ಇಲ್ಲಿನ ಹೆಣ್ಣುಮಕ್ಕಳದು ಶೇ 48.73. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು, 2009ರಲ್ಲಿ ಸಾಕ್ಷರ ಭಾರತ ಬಂತು, ಈಗ ಉಲ್ಲಾಸ್ ಎಂಬ ಸಾಕ್ಷರತಾ ಕಾರ್ಯಕ್ರಮ ಇದೆ. ನಾನು ಕಂಡ ಎಷ್ಟೋ ತರಗತಿಗಳ ರೀತಿ ಮಾತ್ರ ಇದ್ದ ಹಾಗೆಯೇ ಇದೆ. ಮೂರು ಮಕ್ಕಳ ಮದುವೆ ಮಾಡಿ ಸಂಸಾರ ತೂಗಿಸಿದ ತಾಯಿಯನ್ನು ಒಂದನೇ ತರಗತಿಯ ಮಗುವಿನಂತೆ ಕೂರಿಸಿ ಅಕ್ಷರ ತಿದ್ದಿಸುತ್ತಾರೆ, ತಪ್ಪಿದರೆ ಗದರುತ್ತಾರೆ. ಸಹಿ ಮಾಡಲು ಬಂದ ದಿನ ಫೋಟೊ ತೆಗೆಸಿಕೊಂಡು ಮುಗಿಯಿತು ಎನ್ನುತ್ತಾರೆ. ಅರ್ಥ ತಿಳಿದು ಓದಲೂ ಬರೆಯಲೂ ಬಲ್ಲವರನ್ನಷ್ಟೇ ಜನಗಣತಿ ಸಾಕ್ಷರರೆಂದು ಎಣಿಸುತ್ತದೆ. ಹೆಸರು ಗೀಚಿದರೆ ಸಾಲದು.

ನಮ್ಮ ತರಗತಿಗೆ ಜೀವ ಬಂದದ್ದು ಪಾಸ್‌ಬುಕ್‌ನಿಂದ. ಗೃಹಲಕ್ಷ್ಮಿಯ 2,000 ರೂಪಾಯಿ ಜಮಾ ಆಗಿದೆಯೇ ನೋಡಿ ಹೇಳಿ ಎಂದು ಒಬ್ಬ ಅಕ್ಕ ಅದನ್ನು ತಂದಿದ್ದರು. ಓದಿ ಹೇಳುವ ಬದಲು ಅವರ ಕೈಗೇ ಕೊಟ್ಟು, ಎರಡರ ಪಕ್ಕ ಮೂರು ಸೊನ್ನೆ ಎಲ್ಲಿವೆ ಹುಡುಕಿ ಎಂದೆ. ಬೆರಳಿಟ್ಟು ಸಾಲು ಸಾಲಾಗಿ ಇಳಿಯುತ್ತಾ ಹೋದವರು ಒಂದು ಕಡೆ ನಿಂತುಬಿಟ್ಟರು.

‘ಮೇಡಂ, ಇದು ಇಪ್ಪತ್ತು ತಾನೇ? ಇದನ್ನು ನಾನು ತೆಗೆದಿಲ್ಲ. ಯಾರು ತೆಗೆದರು?’

ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ವರ್ಷದ ಕಂತು. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ ರೂಪಾಯಿ ಕೊಡುವ ವಿಮೆ. ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡವರು ಅದೇನೆಂದು ಅವರಿಗೆ ಹೇಳಿರಲೇ ಇಲ್ಲ. ವಿಮೆ ಇದೆ ಎಂಬುದೇ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೆ ನಾಳೆ ಅದನ್ನು ಕೇಳುವವರು ಯಾರು? ಮರುದಿನ ಯಾರಿಗೂ ಹೇಳಿಕಳಿಸಬೇಕಾಗಲಿಲ್ಲ. ಎಲ್ಲರೂ ಪ್ಲಾಸ್ಟಿಕ್ ಚೀಲದಲ್ಲಿ ಪಾಸ್‌ಬುಕ್ ಸುತ್ತಿಕೊಂಡು ಬಂದರು. ಕೆಲವರ ಖಾತೆಯಲ್ಲಿ 436 ರೂಪಾಯಿಯೂ ಕಡಿತವಾಗಿತ್ತು. ಅದು ಜೀವನ್ ಜ್ಯೋತಿ ವಿಮೆಯ ಕಂತು. ಅಂದಿನಿಂದ ನಾವು ಅಂಕಿ ಮೊದಲು, ಅಕ್ಷರ ಆಮೇಲೆ ಎಂದು ಹಿಡಿದೆವು. ಅಂಕಿಗಳ ಹಿಂದಿರುವ ಲೆಕ್ಕ ಅವರಿಗೆ ಆಗಲೇ ಬರುತ್ತದೆ. ಎಕರೆಗಿಷ್ಟು ಎಂದು ಗುತ್ತಿಗೆ ಹಿಡಿದ ನಾಟಿಯ ಕೂಲಿಯನ್ನು ತಲೆಗಿಷ್ಟು ಎಂದು ಬಾಯಲ್ಲೇ ಹಂಚುವವರು ಅವರು.

ದೊಡ್ಡವರು ತಮ್ಮ ಕಲಿಕೆಯ ಹೊಣೆ ಹೊರಬೇಕೆಂದರೆ ಏನನ್ನು ಕಲಿಯಬೇಕು ಎಂದು ನಿರ್ಧರಿಸುವ ಅಧಿಕಾರವೂ ಅವರದಾಗಬೇಕು. ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾವ್ಲೊ ಫ್ರೆಯಿರೆ 1963ರಲ್ಲಿ ಅಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ ಅಕ್ಷರ ಕಲಿಸಿದ್ದೂ ಅವರ ದುಡಿಮೆ, ಬದುಕಿನ ಮಾತುಗಳಿಂದಲೇ.

ನಮ್ಮ ಹೆಣ್ಣುಮಕ್ಕಳು ಆರಿಸಿಕೊಂಡದ್ದು ಸ್ವಸಹಾಯ ಸಂಘದ ಲೆಕ್ಕದ ಪುಸ್ತಕವನ್ನು. ಅಲ್ಲಿಯವರೆಗೆ ಅದನ್ನು ಪಿಯುಸಿ ಓದುವ ಹುಡುಗನೊಬ್ಬ ಬರೆಯುತ್ತಿದ್ದ. ಈಗ ಪಾಳಿಯ ಮೇಲೆ ಇವರೇ ಬರೆಯುತ್ತಾರೆ. ಒಂದು ವಾರ ಒಬ್ಬರು ನೂರಾ ಐದು ರೂಪಾಯಿಯನ್ನು 1005 ಎಂದು ಬರೆದರು. ಕಿವಿಗೆ ಬಿದ್ದಂತೆ ಬರೆದರೆ ಹಾಗೆಯೇ ಆಗುತ್ತದೆ: ಮೊದಲು 100, ಪಕ್ಕದಲ್ಲಿ 5. ನಾನು ತಿದ್ದಲು ಹೋಗಲಿಲ್ಲ. ‘ಅಕ್ಕಾ, ನೀನು ಕಟ್ಟಿದ್ದು ಸಾವಿರವೇ?’ ಎಂದು ಪಕ್ಕದವರು ಹಿಡಿದರು. ನೂರರ ನೋಟು, ಹತ್ತರ ನೋಟು, ಒಂದರ ನಾಣ್ಯಗಳನ್ನು ಚಾಪೆಯ ಮೇಲೆ ಸಾಲಾಗಿಟ್ಟು, ಹತ್ತರ ಮನೆಯಲ್ಲಿ ಏನೂ ಇಲ್ಲದಿದ್ದರೆ ಏನು ಬರೆಯಬೇಕು ಎಂದು ಅವರವರೇ ಜಗಳವಾಡಿ ಬಗೆಹರಿಸಿಕೊಂಡರು. ತಮ್ಮ ದುಡ್ಡಿನ ಪುಸ್ತಕವಾದ್ದರಿಂದಲೇ ಆ ತಪ್ಪು ಅವರ ಕಣ್ಣಿಗೆ ಬಿತ್ತು.

ಇನ್ನೊಂದು ಮಾತು. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ಕನ್ನಡಕ ಬೇಕಾದವರನ್ನು ‘ತಲೆಗೆ ಹತ್ತುವುದಿಲ್ಲ’ ಎಂದು ಮನೆಗೆ ಕಳಿಸುವುದು ಅನ್ಯಾಯ. ಮೊದಲು ಕಣ್ಣು ತಪಾಸಣೆ ಮಾಡಿಸಿ.

ಗುಳೆಯ ಪ್ರಶ್ನೆ ಇದಕ್ಕಿಂತ ಕಠಿಣ. ಕಾಲುವೆಯ ಕೊನೆಯ ಭಾಗಕ್ಕೆ ಎರಡನೇ ಬೆಳೆಗೆ ನೀರು ಬಾರದ ವರ್ಷ ಅರ್ಧ ತರಗತಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತದೆ. ಕಡತದಲ್ಲಿ ಅವರು ‘ಬಿಟ್ಟುಹೋದವರು’. ಆದರೆ ನಮ್ಮವರು ಹೊರಡುವ ಮುಂಚೆ ತಾವೇ ಮಾತಾಡಿಕೊಂಡು ಒಂದೊಂದು ನೋಟ್‌ಬುಕ್ ಒಯ್ದರು. ತಾರೀಖು, ಇಡೀ ದಿನವೋ ಅರ್ಧ ದಿನವೋ, ಮೇಸ್ತ್ರಿಯಿಂದ ಪಡೆದ ಮುಂಗಡ ಎಷ್ಟು ಎಂದು ದಿನವೂ ಬರೆಯುತ್ತಾರೆ. ಅಕ್ಷರ ಅಂಕುಡೊಂಕಾಗಿರುತ್ತವೆ, ಒತ್ತಕ್ಷರ ತಪ್ಪಿರುತ್ತವೆ. ಆದರೂ ಹಬ್ಬಕ್ಕೆ ಊರಿಗೆ ಹೊರಡುವಾಗ ಮೇಸ್ತ್ರಿಯ ಲೆಕ್ಕದ ಎದುರು ತಮ್ಮ ಲೆಕ್ಕ ಇಟ್ಟು ಬಾಕಿ ಕೇಳುತ್ತಾರೆ. ಸಾಕ್ಷರತೆಯ ಉಸ್ತುವಾರಿ ನೋಡುವ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಇಂಥವರ ಹೆಸರಿನ ಮುಂದೆ ಗೈರುಹಾಜರಿ ಎಂದು ಬರೆಯಬೇಡಿ, ಅವರ ನೋಟ್‌ಬುಕ್ ತರಿಸಿ ನೋಡಿ.