ಗುಜರಿ ಎಂಜಿನ್ನಿಗೆ ರತ್ನಗಂಬಳಿ

ಕಾಸರಗೋಡಿನಲ್ಲಿ ಕಾರ್ಪೆಟ್ ತೊಳೆಯಲು ಯಾರಿಗೂ ಬರುತ್ತದೆ; ಒಣಗಿಸಲು ಮಾತ್ರ ದೇವರಿಗೂ ಸೆಪ್ಟೆಂಬರ್ ಕಳೆಯಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರು ಇದು. ಜುಲೈಯಲ್ಲಿ ಒಗೆದ ಬನಿಯನ್ ಮೂರು ದಿನ ಒಲೆಯ ಮೇಲೆ ತೂಗಾಡಿ, ಹೊಗೆ ವಾಸನೆ ಹೊತ್ತುಕೊಂಡೇ ಮೈಗೆ ಬರುವುದು. ಅಂಥಲ್ಲಿ ಮದುವೆ ಹಾಲಿನ ಐವತ್ತು ಅಡಿ ಕೆಂಪು ಕಾರ್ಪೆಟ್ಟಿಗೆ ಪೈಪು ಹಿಡಿದು ನೀರು ಬಿಟ್ಟರೆ, ಮುಂದಿನ ಮುಹೂರ್ತದ ಹೊತ್ತಿಗೆ ಅಣಬೆ ಪಲ್ಯಕ್ಕೆ ಪೇಟೆಗೆ ಹೋಗಬೇಕಾಗಿಲ್ಲ.

ಇದಕ್ಕೆ ಮದ್ದು, ಗಾಡಿಯ ಮೇಲೆ ಕೂರಿಸಿದ ಯಂತ್ರ. ಎಂಜಿನ್ನು ಒಂದು ಕಡೆಯಿಂದ ಬಿಸಿನೀರನ್ನು ಒತ್ತಡದಲ್ಲಿ ಚಿಮ್ಮಿಸುತ್ತದೆ, ಇನ್ನೊಂದು ಕಡೆಯಿಂದ ಅದೇ ನೀರನ್ನು ಕೊಳೆಯ ಸಮೇತ ಎಳೆದುಕೊಳ್ಳುತ್ತದೆ. ಹೊಸದು ಕೊಳ್ಳಲು ಹೋದರೆ ಬೆಲೆ ಕೇಳಿಯೇ ಮೈ ಒಣಗುತ್ತದೆ. ಹಾಗಾಗಿ ಜಾಣರು ತಾವೇ ಒಂದನ್ನು ಕಟ್ಟಲು ಗುಜರಿ ಅಂಗಡಿಗೆ ಹೋಗುತ್ತಾರೆ.

ಗುಜರಿಯಲ್ಲಿ ಎಂಜಿನ್ನು ತೂಕಕ್ಕೆ, ಭರವಸೆ ಪುಕ್ಕಟೆ. "ನಿನ್ನೆವರೆಗೆ ಓಡಿದ್ದು ಮಾರ್ರೆ" ಎಂಬ ಮಾತಿನಲ್ಲಿ ನಿನ್ನೆ ಎಂದರೆ ಯಾವ ಇಸವಿ ಎಂದು ಕೇಳಬಾರದು. ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುವುದು 2005ರಲ್ಲಿ ಬಂದ ಟಾಟಾ ಏಸ್‌ನ ಹಳೆ ಮಾದರಿ ಎಂಜಿನ್: ಎರಡು ಸಿಲಿಂಡರ್, 702 ಸಿಸಿ, ನಿಮಿಷಕ್ಕೆ 3200 ಸುತ್ತಿನಲ್ಲಿ 16 ಅಶ್ವಶಕ್ತಿ, ನೀರಿನಿಂದ ತಣಿಯುವಂಥದ್ದು. ಕೊಳ್ಳುವ ಮೊದಲು ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲು ಹಾಲು ಹಾಕಿದ ಕಾಫಿಯ ಬಣ್ಣಕ್ಕಿದ್ದರೆ ಹೆಡ್ ಗ್ಯಾಸ್ಕೆಟ್ಟು ಹೋಗಿ ನೀರು ಸೇರಿದೆ ಎಂದರ್ಥ, ಬಿಟ್ಟು ಬನ್ನಿ. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದು ಬಾಯಿಯ ಮೇಲೆ ಮಗುಚಿಡಿ. ಅದು ದೋಸೆ ಹಂಚಿನ ಮುಚ್ಚಳದ ಹಾಗೆ ಕುಣಿದು ಹೊಗೆ ಉಗುಳಿದರೆ ಪಿಸ್ಟನ್ ರಿಂಗು ಸವೆದಿದೆ. ಸುಮ್ಮನೆ ಕೂತಿದ್ದರೆ ಚೌಕಾಸಿ ಶುರು ಮಾಡಬಹುದು.

ಹದಿನಾರು ಅಶ್ವಶಕ್ತಿ ಸಾಕೇ? ಲೆಕ್ಕ ಹಾಕಿ. ಹನ್ನೆರಡು ಇಂಚು ಪಾದರಸದ ನಿರ್ವಾತದಲ್ಲಿ ನಿಮಿಷಕ್ಕೆ 250 ಘನ ಅಡಿ ಗಾಳಿ ಎಳೆಯುವ ಬ್ಲೋವರಿಗೆ ಎಂಟೊಂಬತ್ತು ಅಶ್ವಶಕ್ತಿ ಬೇಕು. ನಿಮಿಷಕ್ಕೆ 11 ಲೀಟರ್ ನೀರನ್ನು ಚದರ ಸೆಂಟಿಮೀಟರಿಗೆ 35 ಕಿಲೋ ಒತ್ತಡಕ್ಕೆ ಏರಿಸುವ ಪಂಪಿಗೆ ಒಂದೇ ಒಂದು. ಅಂದರೆ ಎಲ್ಲರ ಕಣ್ಣಿಗೆ ಬೀಳುವ, ಚಿಮ್ಮುವ ನೀರಿನ ಖರ್ಚು ಒಂದು; ಕಣ್ಣಿಗೆ ಕಾಣದ ಗಾಳಿಯ ಖರ್ಚು ಒಂಬತ್ತು. ಈ ಅನುಪಾತ ತಲೆಗೆ ಹೋಗದವರು ಪಂಪಿಗೆ ದುಡ್ಡು ಸುರಿದು, ಬ್ಲೋವರಿನಲ್ಲಿ ಉಳಿತಾಯ ಮಾಡಿ, ಕೊನೆಗೆ ಕಾರ್ಪೆಟ್ಟನ್ನು ಇಬ್ಬರು ಹಿಂಡುವ ಸ್ಥಿತಿಗೆ ತರುತ್ತಾರೆ.

ಪಂಪಿಗಂತೂ ಇಲ್ಲಿ ಬರವಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮೂರು ಪಿಸ್ಟನ್ನಿನ ಎಚ್‌ಟಿಪಿ ಪಂಪು ಬದಿಯಡ್ಕದಿಂದ ಮುಳ್ಳೇರಿಯದವರೆಗೆ ತೋಟ ತೋಟದಲ್ಲೂ ಉಂಟು. ಒತ್ತಡವೂ ಸರಿಯಾಗಿ ಹೊಂದುತ್ತದೆ. ಆದರೆ ಹತ್ತು ಮಳೆಗಾಲ ಮೈಲುತುತ್ತು, ಸುಣ್ಣ ಕುಡಿದ ಪಂಪಿನ ಹೊಟ್ಟೆಯಲ್ಲಿ ಇನ್ನೂ ಅದೇ ಉಳಿದಿರುತ್ತದೆ. ಸುಣ್ಣದ ಹರಳು ಜೆಟ್ಟಿನ ಒಂದು ಮಿಲಿಮೀಟರ್ ಕಣ್ಣಿಗೆ ಸಿಕ್ಕಿಕೊಂಡರೆ ಅರ್ಧ ಕಾರ್ಪೆಟ್ಟಿಗೆ ಮಾತ್ರ ಸ್ನಾನ. ಬಿಚ್ಚಿ, ವಿನೆಗರಿನಲ್ಲಿ ತೊಳೆದು, ವಾಷರು, ವಾಲ್ವು ಹೊಸದು ಹಾಕಿ, ಪಂಪಿನ ಮುಂದೆ 80 ಮೆಶ್‌ನ, ಅಂದರೆ ಇಂಚಿಗೆ 80 ಕಣ್ಣಿನ, ಜಾಲರಿ ಇಟ್ಟ ಮೇಲೆಯೇ ಕೂರಿಸಬೇಕು. ಇಲ್ಲದಿದ್ದರೆ ಗಿರಾಕಿಯ ಬಿಳಿ ಕಾರ್ಪೆಟ್ಟಿಗೆ ಕೊಳೆರೋಗ ಬರುವುದಿಲ್ಲ ಎಂಬ ಸಮಾಧಾನ ಮಾತ್ರ ಉಳಿಯುತ್ತದೆ.

ಈಗ ಯಂತ್ರದ ಯಜಮಾನನ ವಿಷಯ. ಫ್ಲಾಟುಗಳ ಕೊಳಚೆ ನೀರಿನ ಘಟಕದಲ್ಲಿ ಗಾಳಿ ಊದುವ ಟ್ವಿನ್ ಲೋಬ್ ಬ್ಲೋವರ್ ಗುಜರಿಗೆ ಬಿದ್ದದ್ದು ಮಂಗಳೂರು ಕಡೆ ಹುಡುಕಿದರೆ ಸಿಗುತ್ತದೆ. ಎಂಟರ ಆಕಾರದ ಎರಡು ರೋಟರು, ಒಂದನ್ನೊಂದು ಮುಟ್ಟದೆ ತಿರುಗುವಂಥವು. ನಡುವಿನ ಸಂದು ಒಂದೆರಡು ಕಾಗದದ ದಪ್ಪ, ಅಷ್ಟೇ. ಇದರ ಮೂಲಪುರುಷರು ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು, ಪೇಟೆಂಟ್ 1860ರದ್ದು. ಅವರು ಮಾಡಲು ಹೊರಟದ್ದು ತಮ್ಮ ಉಣ್ಣೆ ಗಿರಣಿಗೆ ನೀರಿನ ಚಕ್ರ. ಮರದ ರೋಟರು ನೀರು ಕುಡಿದು ಉಬ್ಬಿ ಸಿಕ್ಕಿಕೊಂಡಿತು. ಒಣಗಿಸಿ ಸರಿಪಡಿಸಿ ತಿರುಗಿಸಿದರೆ ಎದುರಿಗಿದ್ದವನ ಟೊಪ್ಪಿ ಹಾರಿಹೋಯಿತು, ಆಗ ಇದು ಗಾಳಿ ಯಂತ್ರವೆಂದು ತಿಳಿಯಿತು ಎಂಬುದು ಹಳೇ ಕಥೆ. ಟೊಪ್ಪಿಯ ಜಾಗದಲ್ಲಿ ನಮ್ಮ ಮುಟ್ಟಾಳೆ ಇದ್ದರೂ ಹಾರುತ್ತಿತ್ತು. ನೀರಿಗೆಂದು ಹುಟ್ಟಿ ನೀರಿನ ಮೇಲೆ ಮುನಿಸಿಕೊಂಡ ಈ ಯಂತ್ರದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಮರ ಹೋಗಿ ಎರಕದ ಕಬ್ಬಿಣ ಬಂದಿದೆ; ಉಬ್ಬುವುದರ ಬದಲು ತುಕ್ಕು ಹಿಡಿಯುತ್ತದೆ.

ಫ್ಲೈವೀಲಿಗೆ ನೇರವಾಗಿ ಪುಲ್ಲಿ ಕಟ್ಟಿ ಬೆಲ್ಟು ಎಳೆಯುವ ಆಸೆ ಎಲ್ಲರಿಗೂ ಬರುತ್ತದೆ. ಬೆಲ್ಟಿನ ಅಡ್ಡ ಎಳೆತಕ್ಕೆ ಕ್ರ್ಯಾಂಕಿನ ಹಿಂದಿನ ಬೇರಿಂಗು ಕೆಲವೇ ತಿಂಗಳಲ್ಲಿ ಗಡಗಡ ಅನ್ನುತ್ತದೆ. ರಬ್ಬರ್ ಕಪ್ಲಿಂಗ್ ಹಾಕಿ, ಬೇರಿಂಗು ಕೂತ ಎರಡು ಪೀಠದ (ಪ್ಲಮರ್ ಬ್ಲಾಕು) ಮೇಲೆ ಬೇರೆ ಶಾಫ್ಟು ಕೂರಿಸಿ, ಅದರ ಮೇಲೆ ಪುಲ್ಲಿ ಇರಲಿ. ಎಂಜಿನ್ 2600 ಸುತ್ತು, ಎಂಜಿನ್ ಕಡೆ ಆರಿಂಚಿನ ಪುಲ್ಲಿ, ಬ್ಲೋವರ್ ಕಡೆ ಐದಿಂಚಿನದ್ದು: ಬ್ಲೋವರ್ 3120 ಸುತ್ತು ತಿರುಗುತ್ತದೆ. ಪುಲ್ಲಿ ಅದಲು ಬದಲಾದರೆ 2167. ಶಬ್ದ ಬರುತ್ತದೆ, ಗಾಳಿ ಸಾಕಷ್ಟು ಬರುವುದಿಲ್ಲ. ಎರಡು ಬಿ ಸೆಕ್ಷನ್ ವಿ-ಬೆಲ್ಟು ಬೇಕು, ಎರಡೂ ಒಂದೇ ಜೊತೆಯದ್ದಾಗಿರಬೇಕು. ಹಳತೊಂದು ಹೊಸತೊಂದು ಹಾಕಿದರೆ ಹೊಸತು ದುಡಿಯುತ್ತದೆ, ಹಳತು ಮೇಸ್ತ್ರಿಯ ಹಾಗೆ ಪಕ್ಕದಲ್ಲಿ ನಿಂತು ನೋಡುತ್ತದೆ.

ತಿರುಗುವ ದಿಕ್ಕು ತಪ್ಪಿದರೆ ಹೀರಬೇಕಾದ್ದು ಊದುತ್ತದೆ. ಮೊದಲ ಪರೀಕ್ಷೆಗೆ ನೆರೆಕರೆಯವರೆಲ್ಲ ಕೈಕಟ್ಟಿ ನಿಂತಿರುವಾಗಲೇ ಟ್ಯಾಂಕಿನ ಮುಚ್ಚಳ ತೆಂಗಿನ ಮರದ ಅರ್ಧಕ್ಕೆ ಹೋಗಿ ಬರುತ್ತದೆ. ಹೆದರಬೇಕಾಗಿಲ್ಲ, ಈ ಬ್ಲೋವರಿಗೆ ಎರಡು ದಿಕ್ಕೂ ಒಂದೇ. ಒಳಬಾಯಿ ಹೊರಬಾಯಿಯ ಪೈಪು ಬದಲಿಸಿದರೆ ಮುಗಿಯಿತು. ಆದರೆ ನೆರೆಕರೆಯ ನಗು ಹಿಂದಕ್ಕೆ ತಿರುಗುವುದಿಲ್ಲ. ಹೊರಬಾಯಿಗೆ ಸೈಲೆನ್ಸರ್ ಮರೆಯಬೇಡಿ. ಅದಿಲ್ಲದೆ ಓಡಿಸಿದರೆ ಎರಡು ಬಯಲಾಚೆಯವರು ಇವತ್ತು ಎಲ್ಲಿ ಯಕ್ಷಗಾನ ಆಟ ಎಂದು ಚೆಂಡೆಯ ಜಾಡು ಹಿಡಿದು ಬಂದಾರು.

ಕೊಳೆನೀರು ಸೇರುವ ಟ್ಯಾಂಕಿಗೆ ಮನೆ ಹಿಂದಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು ಸಾಕು ಎಂದು ಪ್ರತಿಯೊಬ್ಬನಿಗೂ ಹೊಳೆಯುತ್ತದೆ. ಹೊಳೆದದ್ದು ಹತ್ತು ಸೆಕೆಂಡು ಬಾಳುತ್ತದೆ. ಹನ್ನೆರಡು ಇಂಚು ನಿರ್ವಾತ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಹೊರಗಿನಿಂದ 400 ಗ್ರಾಂ ಒತ್ತಡ. ಎರಡಡಿ ಚದರದ ಒಂದು ಗೋಡೆಯ ಮೇಲೆ ಇದು ಒಂದೂವರೆ ಟನ್ ಆಗುತ್ತದೆ, ಜನ ತುಂಬಿದ ಜೀಪಿನಷ್ಟು. ಡ್ರಮ್ಮು ಮೊದಲು "ಟಕ್" ಎನ್ನುತ್ತದೆ, ಆಮೇಲೆ ಒಣಗಿಸಿಟ್ಟ ಹಾಗಲಕಾಯಿಯ ರೂಪ ತಾಳುತ್ತದೆ. ಐದು ಮಿಲಿಮೀಟರ್ ತಗಡಿನ ಉರುಟು ಟ್ಯಾಂಕು, ಚಪ್ಪಟೆಯದ್ದಾದರೆ ಒಂದೊಂದು ಅಡಿಗೆ ಆಂಗಲ್ ಪಟ್ಟಿ, ಒಳಗೆ ಎಪಾಕ್ಸಿ ಪೇಂಟು. ಅಲ್ಯೂಮಿನಿಯಂ ಬೇಡ, ಕ್ಷಾರದ ಸಾಬೂನು ಅದನ್ನು ತಿನ್ನುತ್ತದೆ. ನೀರು ಒಳಬರುವ ಪೈಪು ಗೋಡೆಗೆ ಸವರಿಕೊಂಡು ಸುತ್ತುವ ಹಾಗಿರಲಿ. ಗಾಳಿ ಹೊರಹೋಗುವ ಬಾಯಿ ಟ್ಯಾಂಕಿನ ನೆತ್ತಿಯಲ್ಲಿ, ಸ್ಟೀಲಿನ ಜಾಲರಿ ತೊಟ್ಟು ಇರಲಿ.

ಟ್ಯಾಂಕು ತುಂಬಿದರೆ? ಮುಂದಿನ ಗುಟುಕು ನೇರ ಬ್ಲೋವರಿಗೆ. ಗಾಳಿಯನ್ನು ಹಿಸುಕಬಹುದು, ನೀರನ್ನು ಹಿಸುಕಲಾಗದು. ಗೇರಿನ ಹಲ್ಲು ಉದುರುತ್ತದೆ. ಇದಕ್ಕೇ ಫ್ಲೋಟ್ ಸ್ವಿಚ್, ನೀರು ಏರಿದಾಗ ತೇಲಿ ಎಂಜಿನ್ ನಿಲ್ಲಿಸುವಂಥದ್ದು. ಇಲ್ಲಿ ಸ್ಕೂಟರು ರಿಪೇರಿ ಮಾಡಿ ಪಳಗಿದ ಕೈ ಒಂದು ತಪ್ಪು ಮಾಡಿಯೇ ಮಾಡುತ್ತದೆ: ಸ್ವಿಚ್ಚನ್ನು ಕೀಲಿಯ ಕರೆಂಟಿಗೆ ಕೊಡುತ್ತದೆ. ಪೆಟ್ರೋಲ್ ಎಂಜಿನ್ನಾದರೆ ಕಿಡಿ ಹೋದರೆ ಪ್ರಾಣ ಹೋಯಿತು. ಡೀಸೆಲಿಗೆ ಕಿಡಿಯ ಹಂಗೇ ಇಲ್ಲ. ಕರೆಂಟು ಹೋಯಿತು, ಡ್ಯಾಶಿನ ಬಲ್ಬು ಆರಿತು, ಎಂಜಿನ್ನು ಮಾತ್ರ ಏನೂ ಆಗದ ಹಾಗೆ ನೀರು ನುಂಗುತ್ತಾ ಓಡುತ್ತಲೇ ಇರುತ್ತದೆ. ನಿಲ್ಲಿಸಬೇಕಾದ್ದು ಎಣ್ಣೆಯನ್ನು. ಎಂಜಿನ್ನಿನ ಡೀಸೆಲ್ ಪಂಪಿಗೆ ಬರುವ ಎಣ್ಣೆಯ ದಾರಿಯಲ್ಲಿ, ಕರೆಂಟು ಇದ್ದರೆ ಮಾತ್ರ ತೆರೆದಿರುವ ಸೊಲೆನಾಯ್ಡ್ ವಾಲ್ವು ಇರಬೇಕು. ಜೊತೆಗೆ ಕೈಯಿಂದ ಎಳೆಯುವ ಸ್ಟಾಪ್ ಕೇಬಲ್ಲೂ ಇರಲಿ. ಕೈಯ ಎಳೆತದ ಮೇಲೆ ಇಟ್ಟ ನಂಬಿಕೆ ಕರೆಂಟಿನ ತಂತಿಯ ಮೇಲೆ ಬರುವುದಿಲ್ಲ.

ಟ್ಯಾಂಕಿನ ಮೇಲೊಂದು ನಿರ್ವಾತ ರಿಲೀಫ್ ವಾಲ್ವು ಕೂರಿಸಿ, ಹನ್ನೆರಡು ಇಂಚಿಗೆ ಹೊಂದಿಸಿ. ಹೋಸಿನ ಬಾಯಿಗೆ ಯಾರದ್ದೋ ಕರ್ಚೀಫು ಸಿಕ್ಕಿ ಮುಚ್ಚಿಕೊಂಡಾಗ ಬ್ಲೋವರಿಗೆ ಉಸಿರಾಡಲು ಅದೇ ದಾರಿ. ಗಾಳಿ ಹರಿಯದಿದ್ದರೆ ರೋಟರು ಕಾದು ಹಿಗ್ಗುತ್ತದೆ, ಕಾಗದದಷ್ಟಿದ್ದ ಸಂದು ಮಾಯವಾಗುತ್ತದೆ, ಕಬ್ಬಿಣ ಕಬ್ಬಿಣಕ್ಕೆ ತಾಗುತ್ತದೆ. ಆ ಸದ್ದು ಕೇಳಿದ ಮೇಲೆ ಹೊಸ ಬ್ಲೋವರಿನ ಬೆಲೆ ಕೇಳುವುದೊಂದೇ ಬಾಕಿ.

ಬಿಸಿನೀರು ಪುಕ್ಕಟೆ ಎನ್ನುವುದು ಅರ್ಧ ಸತ್ಯ. ಸುಟ್ಟ ಡೀಸೆಲಿನ ಮೂರನೇ ಒಂದು ಪಾಲು ಕೆಲಸಕ್ಕೆ, ಮಿಕ್ಕದ್ದು ರೇಡಿಯೇಟರಿಗೂ ಹೊಗೆಗೂ ಹೆಚ್ಚುಕಡಿಮೆ ಸಮ. ಹತ್ತು ಮಿಲಿಮೀಟರಿನ ಸ್ಟೀಲ್ ಕೊಳವೆ ಹತ್ತು ಮೀಟರ್ ಸುರುಳಿ ಸುತ್ತಿ ಕೂಲೆಂಟಿನಲ್ಲಿ, ಅಂದರೆ ಎಂಜಿನ್ ತಣಿಸುವ ನೀರಿನಲ್ಲಿ, ಮುಳುಗಿಸಿ, ಇನ್ನೊಂದು ಸುರುಳಿ ಹೊಗೆ ಪೈಪಿನ ಸುತ್ತ ಹಾಕಿದರೆ ಹನ್ನೆರಡು ಕಿಲೋವಾಟಿನಷ್ಟು ಶಾಖ ಸಿಗಬಹುದು. ನಿಮಿಷಕ್ಕೆ ಐದು ಲೀಟರ್ ಎಡೆಬಿಡದೆ ಬಿಟ್ಟರೆ ನೀರು 34 ಡಿಗ್ರಿ ಏರುತ್ತದೆ. ನಮ್ಮ ನೀರು ಹೇಗೂ 28 ಡಿಗ್ರಿಯಲ್ಲೇ ಬೆವರುತ್ತಿರುತ್ತದೆ, ಹಾಗಾಗಿ 62. ನೀರು ಬಿಡುವ ಟ್ರಿಗರ್ ಅರ್ಧ ಹೊತ್ತು ಮಾತ್ರ ಒತ್ತಿದರೆ ತೊಂಬತ್ತು ದಾಟುತ್ತದೆ. ಪೂರಾ ಬಿಟ್ಟು ಚಹಾಕ್ಕೆ ಹೋದರೆ ಆವಿ. ಆದ್ದರಿಂದ 95 ಡಿಗ್ರಿಗೆ ತೆರೆದುಕೊಂಡು ಕೊಳೆ ಟ್ಯಾಂಕಿಗೆ ಚೆಲ್ಲುವ ವಾಲ್ವು ಬೇಕೇ ಬೇಕು. "ಕಾರ್ಪೆಟ್ ನೀರೇ ತಣಿಸುತ್ತದಲ್ಲ" ಎಂದು ರೇಡಿಯೇಟರನ್ನು ಗುಜರಿಗೇ ಹಿಂದಿರುಗಿಸಿದವರ ಎಂಜಿನ್ ಆ ಚಹಾದ ಹೊತ್ತಿನಲ್ಲಿಯೇ ಕುದಿಯುವುದು. ಪಂಪಿಗೆ ಯಾವಾಗಲೂ ತಣ್ಣೀರು, ಕಾಯಿಸುವುದು ಪಂಪು ದಾಟಿದ ಮೇಲೆ. ಟ್ರಿಗರ್ ಬಿಟ್ಟಾಗ ಹಿಂದಿರುಗುವ ಬೈಪಾಸ್ ನೀರು ದೊಡ್ಡ ತೊಟ್ಟಿಗೆ ಬೀಳಬೇಕು. ಪಂಪಿನ ಬಾಯಿಗೇ ಮರಳಿ ಕೊಟ್ಟರೆ ಅದೇ ಎರಡು ಲೋಟ ನೀರು ಸುತ್ತಿ ಸುತ್ತಿ ಕಾದು ಸೀಲುಗಳನ್ನು ಬೇಯಿಸುತ್ತದೆ.

ಎಲ್ಲವನ್ನೂ ಒಂದು ಚೌಕಟ್ಟಿನ ಮೇಲೆ ಕಟ್ಟಿ, ಗಾಡಿಗೆ ಬೋಲ್ಟು ಹಾಕಿ, ವೆಲ್ಡಿಂಗ್ ಬೇಡ. ಗಾಡಿಯ ರೂಪ ಬದಲಿಸಿದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಬೆನ್ನಿಗೆ ಬೀಳುತ್ತದೆ. ಇಳಿಸಬಹುದಾದ ಚೌಕಟ್ಟು ಸಾಮಾನಾದೀತು ಎಂಬ ವಾದಕ್ಕಾದರೂ ಎಡೆ ಇರುತ್ತದೆ. ತೊಟ್ಟಿಯ ಇನ್ನೂರು ಲೀಟರ್ ನೀರು ಎಂದರೆ ಇನ್ನೂರು ಕಿಲೋ, ಅದು ಹಿಂದಿನ ಆಕ್ಸಲಿನ ಮೇಲೇ ಇರಲಿ. ತೊಟ್ಟಿಯೊಳಗೆ ಅಡ್ಡತಗಡು ಇಲ್ಲದಿದ್ದರೆ ಪೆರ್ಲ ರಸ್ತೆಯ ತಿರುವಿನಲ್ಲಿ ಸ್ಟೇರಿಂಗ್ ಹಿಡಿದಿರುವುದು ನೀವೋ ನೀರೋ ಎಂಬ ಅನುಮಾನ ಬರುತ್ತದೆ. ಹೊಗೆ ಪೈಪಿನ ಬಾಯಿ ಮಾತ್ರ ಯಾವ ಕಿಟಕಿಗೂ ಮುಖ ಮಾಡಬಾರದು. ಅದರಲ್ಲಿ ತಮಾಷೆ ಇಲ್ಲ.

ಇಷ್ಟಾದರೂ ಮರ್ಯಾದೆ ತೆಗೆಯುವುದು ಸಾಂಬಾರು. ಮದುವೆ ಹಾಲಿನ ಕಾರ್ಪೆಟ್ಟಿಗೆ ಮೊದಲು ಸಿಂಪಡಿಸುವ ದ್ರಾವಣ ಕ್ಷಾರದ್ದು, ಪಿಎಚ್ ಹತ್ತರ ಸುಮಾರು. ಅರಿಶಿನದ ಹಳದಿ ಕಲೆಗೆ ಅದು ತಾಗಿದ ಕೂಡಲೇ ಕಲೆ ರಕ್ತದ ಬಣ್ಣಕ್ಕೆ ತಿರುಗುತ್ತದೆ. ಗಿರಾಕಿಯ ಮುಖವೂ ಅದೇ ಬಣ್ಣಕ್ಕೆ. ಅರಿಶಿನಕ್ಕೆ ಸುಣ್ಣ ಕಲಸಿ ಕುರ್ದಿ ನೀರು ಮಾಡಿ ಆರತಿ ಎತ್ತುವ ಊರಿನವರಿಗೆ ಇದು ಗೊತ್ತಿಲ್ಲದ್ದೇನಲ್ಲ, ಆದರೆ ತನ್ನ ಕಾರ್ಪೆಟ್ಟಿನ ಮೇಲೆ ಆರತಿ ಆಗುವಾಗ ಯಾರಿಗೂ ನೆನಪಾಗುವುದಿಲ್ಲ. ಕೊನೆಯ ಜಾಲಾಟದ ನೀರಿಗೆ ಸಿಟ್ರಿಕ್ ಆಮ್ಲ ಬೆರೆಸಿದರೆ ಕೆಂಪು ಮತ್ತೆ ಹಳದಿಯಾಗುತ್ತದೆ. ಉಳಿದ ಹಳದಿಯನ್ನು ಬಿಸಿಲು ತಿನ್ನುತ್ತದೆ, ಬಿಸಿಲು ಬಂದರೆ. ಉಣ್ಣೆಯ ಕಂಬಳಿಗೆ ಈ ಕ್ಷಾರವೂ ಬೇಡ, ಅರವತ್ತೈದು ದಾಟಿದ ನೀರೂ ಬೇಡ.

ಕಾರ್ಪೆಟ್ಟಿನ ಮೇಲೆ ಎಳೆಯುವ ಕೋಲಿನಲ್ಲಿ (ವಾಂಡು) ನೀರು ಬಿಟ್ಟು ಒಮ್ಮೆ ಎಳೆದರೆ, ನೀರು ನಿಲ್ಲಿಸಿ ಮೂರು ಸಲ ಎಳೆಯಬೇಕು. ಬೇಸಿಗೆಯ ಲೆಕ್ಕ ಇದು, ಮಳೆಗಾಲದಲ್ಲಿ ಐದು. ಹಿಂದೆ ಯಾರೋ ಸೋಪಿನ ಪುಡಿ ಸುರಿದು ತಿಕ್ಕಿದ ಕಾರ್ಪೆಟ್ಟಾದರೆ ಟ್ಯಾಂಕು ನೊರೆಯಿಂದ ತುಂಬುತ್ತದೆ. ಫ್ಲೋಟು ನೊರೆಯಲ್ಲಿ ತೇಲುವುದಿಲ್ಲ, ಆದ್ದರಿಂದ ಸುಮ್ಮನೆ ನೇತಾಡುತ್ತಾ ನೊರೆಯನ್ನು ಬ್ಲೋವರಿಗೆ ದಾಟಿಸುತ್ತದೆ. ಸೈಲೆನ್ಸರಿನಿಂದ ಬಿಳಿ ನೊರೆ ಉದುರಲು ಶುರುವಾದರೆ ಅದು ಕೊನೆಯ ಎಚ್ಚರಿಕೆ. ಟ್ಯಾಂಕಿಗೆ ಮೊದಲೇ ಸಿಲಿಕಾನ್ ನೊರೆನಾಶಕ ಹಾಕಿರಬೇಕು. ಉಕ್ಕುವ ಅನ್ನಕ್ಕೆ ಎಣ್ಣೆ ಹನಿಸಿದ ಹಾಗೆ ತೆಂಗಿನೆಣ್ಣೆಯೂ ಹತ್ತು ನಿಮಿಷಕ್ಕೆ ಆದೀತು, ಆಮೇಲೆ ಟ್ಯಾಂಕು ಕನರುತ್ತದೆ.

ಸಂಜೆ ಕೊಳೆನೀರನ್ನು ಕುಡಿಯುವ ನೀರಿನ ಸುರಂಗದ, ಬಾವಿಯ ಮೇಲ್ಭಾಗಕ್ಕೆ ಚೆಲ್ಲಬೇಡಿ. ಮುರಕಲ್ಲು ಅದನ್ನು ಇಳಿಸಿ ನಿಮಗೇ ಕುಡಿಸುತ್ತದೆ. ಟ್ಯಾಂಕು ಖಾಲಿ ಮಾಡಿ, ಹೋಸು ಕಳಚಿ, ಬ್ಲೋವರನ್ನು ಐದು ನಿಮಿಷ ಬರೀ ಗಾಳಿಯಲ್ಲಿ ಓಡಿಸಿ, ಅದರ ಒಳಬಾಯಿಗೆ ತುಕ್ಕು ತಡೆಯುವ ತೆಳು ಎಣ್ಣೆಯನ್ನು ಕೆಲವು ಸೆಕೆಂಡು ಸಿಂಪಡಿಸಿ ಆರಿಸಿ. ಜುಲೈಯಲ್ಲಿ ಇದನ್ನು ಒಂದು ರಾತ್ರಿ ತಪ್ಪಿಸಿದರೂ ರೋಟರುಗಳು ಬೆಳಗ್ಗೆ ಒಂದನ್ನೊಂದು ತಬ್ಬಿಕೊಂಡಿರುತ್ತವೆ. ಕೀಲಿ ತಿರುಗಿಸುವ ಮೊದಲು ಬ್ಲೋವರಿನ ಪುಲ್ಲಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ. ತಿರುಗದಿದ್ದರೆ ಸ್ಪ್ಯಾನರಿನಿಂದ ಹಟ ಮಾಡಬೇಡಿ, ಒಳಗೆ ಎಣ್ಣೆ ಬಿಟ್ಟು ಮಧ್ಯಾಹ್ನದವರೆಗೆ ಕಾಯಿರಿ. ಹಾಲಿನವರಿಗೆ ಫೋನು ಮಾಡಿ, ಮಳೆ ಜೋರುಂಟು, ಸಂಜೆ ಬರುತ್ತೇವೆ ಎನ್ನಿ.