ಬಾಲೆ ಅಂದ್ರೆ ಬಾಳೆಹಣ್ಣಲ್ಲ

ಜನವರಿಯ ಬೆಳಿಗ್ಗೆ. ಗೋಣಿಕೊಪ್ಪದ ಕಡೆಯ ಯಾವುದೋ ಹೋಂಸ್ಟೇ ಅಂದುಕೊಳ್ಳಿ. ಕಣದಲ್ಲಿ ರೊಬಸ್ಟಾ ಕಾಫಿ ಹರಡಿದೆ, ಜಗಲಿಯಲ್ಲಿ ಮ್ಯಾಡ್ರಿಡ್‌ನ ದಂಪತಿ ಕೂತಿದ್ದಾರೆ. ತಿಂಡಿ 8 ಗಂಟೆಗೆ ಅಂದರೆ ಅವರು ‘ಬಾಲೆ’ ಅನ್ನುತ್ತಾರೆ. ಜೀಪು 10 ಗಂಟೆಗೆ ಅಂದರೆ ‘ಬಾಲೆ, ಬಾಲೆ’. ಅಡುಗೆಮನೆಯಲ್ಲಿ ಕಿವಿಗೆ ಬಿದ್ದ ಮೇಲೆ ಕೇಳಬೇಕೆ? ಅಷ್ಟು ದೂರದಿಂದ ಬಂದು ಬಾಯಿಬಿಟ್ಟು ಕೇಳ್ತಿದ್ದಾರೆ ಅಂತ ಒಂದು ಚಿಪ್ಪು ಬಾಳೆಹಣ್ಣು ಮೇಜಿಗೆ ಬರುತ್ತದೆ. ಅವರು ಪಾಪ, ತಿನ್ನುತ್ತಾರೆ. ಆ ‘ಬಾಲೆ’ ಬರೆಯುವಾಗ ವಿ-ಎ-ಎಲ್-ಇ, ಸ್ಪ್ಯಾನಿಷ್‌ನಲ್ಲಿ ವಿ ಮತ್ತು ಬಿ ಎರಡಕ್ಕೂ ‘ಬ’ ಎಂದೇ ಉಚ್ಚಾರ, ಅರ್ಥ ‘ಆಯ್ತು’. ಇದು ಸ್ಪೇನ್‌ನವರ ಮಾತಿನ ಚಾಳಿ. ಮೆಕ್ಸಿಕೊದವರು ಬಂದರೆ ಗೊನೆ ಉಳಿಯುತ್ತದೆ.

ಕನ್ನಡದವರಿಗೆ ಸ್ಪ್ಯಾನಿಷ್ ಕಷ್ಟವೇ ಅಲ್ಲ. ಕಷ್ಟ ಆಗುವುದು ನಡುವೆ ಇಂಗ್ಲಿಷ್ ಎಂಬ ದಲ್ಲಾಳಿ ಕೂತಾಗ. ಅವರ ಟಿ, ಡಿ ಎರಡೂ ನಮ್ಮ ತ, ದ. ‘ತಾರ್ದೆಸ್’ ಎಂದು ಕನ್ನಡದ ನಾಲಿಗೆಯಲ್ಲೇ ಹೇಳಿದರೆ ಮುಗಿಯಿತು. ನಾವೋ, ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ನಾಲಿಗೆ ಮಡಚಿ ‘ಟಾರ್ಡೆಸ್’ ಅಂತೀವಿ. ಅ, ಎ, ಇ, ಒ, ಉ ಎಂಬ ಐದೇ ಸ್ವರ, ಎಲ್ಲಿ ಬಂದರೂ ಅದೇ ಸದ್ದು.

ಮೊದಲ ಮಾತು ‘ಓಲಾ’, ನಮಸ್ಕಾರ. ಮುಂದಿರುವ ಎಚ್ ಬಾಯೇ ಬಿಡುವುದಿಲ್ಲ. ಇಲ್ಲಿ ಲಾಭ ‘ಹಕ್ಕಿ’ಯನ್ನು ‘ಅಕ್ಕಿ’ ಮಾಡಿ ಮೇಷ್ಟ್ರ ಬೆತ್ತದ ಏಟು ತಿಂದವರಿಗೆ. ಅವರ ಬಾಯಲ್ಲಿ ಇದು ಜನ್ಮಸಿದ್ಧ. ‘ಆದರದ ಸ್ವಾಗತ’ಕ್ಕೆ ಹ ಸೇರಿಸಿ ಸಭೆಯನ್ನು ನಗಿಸುವ ಪಂಗಡದವರು ಮಾತ್ರ ಜೋಪಾನ. ಕೊನೆಯ ಸ್ವರವನ್ನೂ ಬದಲಿಸಬೇಡಿ: ‘ಓಲೆ’ ಅಂದರೆ ಗೂಳಿ ಕಾಳಗದಲ್ಲಿ ಕೂಗುವ ಭಲೇ. ಎಚ್‌ನಿಂದ ಕಿತ್ತುಕೊಂಡ ಹಕಾರವನ್ನು ಜೆಗೆ ಕೊಟ್ಟಿದ್ದಾರೆ. ಹಾಗಾಗಿ ಜೋಸ್ ಅಂತ ಪಾಸ್‌ಪೋರ್ಟಿನಲ್ಲಿ ಓದಿದಿರೋ, ಆ ಮನುಷ್ಯ ತಿರುಗಿಯೂ ನೋಡುವುದಿಲ್ಲ. ಬತ್ತಿ ಹೊಸೆಯುವಾಗಿನ ‘ಹೊಸೆ’ ಅನ್ನಿ, ಓಡಿ ಬರುತ್ತಾನೆ.

ಹೊತ್ತಿನ ನಮಸ್ಕಾರ ಮೂರು. ಬೆಳಿಗ್ಗೆ ‘ಬುಏನೊಸ್ ದಿಯಾಸ್’, ಆಮೇಲೆ ‘ಬುಏನಾಸ್ ತಾರ್ದೆಸ್’, ಕತ್ತಲಾದ ಮೇಲೆ ‘ಬುಏನಾಸ್ ನೊಚೆಸ್’. ದಿನ ಪುಲ್ಲಿಂಗ, ಸಂಜೆ-ರಾತ್ರಿ ಸ್ತ್ರೀಲಿಂಗ, ಅದಕ್ಕೇ ನೊಸ್, ನಾಸ್ ವ್ಯತ್ಯಾಸ. ಯಾಕೆ ಅಂತ ಕೇಳಬೇಡಿ, ಉರು ಹೊಡೆಯಿರಿ. ಸ್ಪೇನ್‌ನವರ ಬೆಳಿಗ್ಗೆ ಊಟದವರೆಗೆ ಎಳೆಯುತ್ತದೆ, ಊಟವೋ ಸುಮಾರು 2 ಗಂಟೆಗೆ. ಮುಂಗಾರಿನ ಮಡಿಕೇರಿಯಲ್ಲಿ ಮಂಜು ಕವಿದು 3 ಗಂಟೆಗೇ ದೀಪ ಹಾಕಿದರೂ ಅದು ತಾರ್ದೆಸ್ಸೇ, ನೊಚೆಸ್ ಅಲ್ಲ. ದಲ್ಲಾಳಿ ದೊಡ್ಡ ಪೆಟ್ಟು ಕೊಡುವುದು ನೊಚೆಸ್‌ನಲ್ಲಿ. ಇಂಗ್ಲಿಷಿನ ಗುಡ್ ನೈಟ್ ಮಲಗಲು ಹೊರಟಾಗಿನ ಮಾತು. ಇವರದ್ದು ಬಂದಾಗಲೂ ಹೇಳುವ ಮಾತು. ರಾತ್ರಿ 9ಕ್ಕೆ ಹಸಿದು ಜೀಪಿಳಿದವರು ‘ಬುಏನಾಸ್ ನೊಚೆಸ್’ ಅಂದರೆ, ಓಹೋ ನಿದ್ದೆ ಬಂದಿದೆ ಅಂತ ರೂಮು ತೋರಿಸಿ ದೀಪ ಆರಿಸಿಬಿಟ್ಟೀರಿ! ಪಂದಿಕರಿ ಪಾತ್ರೆಯಲ್ಲೇ ಉಳಿದೀತು.

ಪರಿಚಯಕ್ಕೆ ‘ಮೆ ಯಾಮೊ ಪೊನ್ನಪ್ಪ’. ಎರಡು ಎಲ್ ಜೋಡಿಯಾದರೆ ಯ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನವರ ಬಾಯಲ್ಲಿ ಅದೇ ‘ಶಾಮೊ’, ಗಾಬರಿಯಾಗಬೇಡಿ. ಇನ್ನೊಂದು ದಾರಿ ‘ಮಿ ನೊಂಬ್ರೆ ಎಸ್ ಪೊನ್ನಪ್ಪ’. ಕನ್ನಡದಲ್ಲಿ ‘ನನ್ನ ಹೆಸರು ಪೊನ್ನಪ್ಪ’ ಅಂದರೆ ಸಾಕು, ಕ್ರಿಯಾಪದ ಬೇಡ. ಆ ಅಭ್ಯಾಸಕ್ಕೆ ‘ಎಸ್’ ಬಿಟ್ಟುಹೋಗುತ್ತದೆ. ತಿದ್ದಿಸಿಕೊಂಡವರು ಮರುದಿನ ಅತಿ ಎಚ್ಚರದಲ್ಲಿ ‘ಮೆ ಯಾಮೊ ಎಸ್’ ಅಂತ ಬೇಡದ ಕಡೆ ತುರುಕುತ್ತಾರೆ. ಪ್ರತಿಯಾಗಿ ‘ಮುಚೊ ಗುಸ್ತೊ’ ಅನ್ನಿ, ಭೇಟಿಯಾಗಿ ಸಂತೋಷ ಅಂತ. ಗಂಡಸರು ‘ಎಂಕಾಂತಾದೊ’, ಹೆಂಗಸರು ‘ಎಂಕಾಂತಾದಾ’ ಅನ್ನಲೂಬಹುದು. ಲಿಂಗ ಹೇಳುವವರದ್ದು, ಎದುರಿನವರದ್ದಲ್ಲ.

ಹೆಸರಿನ ವಿಷಯ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಟೆನಿಸ್‌ನ ಮಚ್ಚಂಡ ರೋಹನ್ ಬೋಪಣ್ಣ ಅಂದಾಗ ಮನೆಹೆಸರು ಮುಂದೆ. ಸ್ಪೇನ್‌ನ ರಫಾಯೆಲ್ ನಡಾಲ್ ಪರೇರಾ ಅಂದಾಗ ಹಿಂದೆ ಎರಡು ಮನೆಹೆಸರು: ನಡಾಲ್ ಅಪ್ಪನ ಕಡೆಯದು, ಪರೇರಾ ಅಮ್ಮನ ಕಡೆಯದು. ಕೊನೆಯದೇ ಸರ್‌ನೇಮ್ ಅಂತ ರಿಜಿಸ್ಟರಿನಲ್ಲಿ ಬರೆದುಕೊಂಡರೆ ಅತಿಥಿ ಮೂರು ದಿನ ತಾಯಿಮನೆ ಹೆಸರಲ್ಲೇ ಕರೆಸಿಕೊಳ್ಳಬೇಕು. ಹೆಂಡತಿಯ ಮನೆಹೆಸರು ಬೇರೆ ಇದ್ದರೆ ಹುಬ್ಬು ಏರಿಸಬೇಡಿ. ಅಲ್ಲಿ ಮದುವೆಯಾದರೂ ಹೆಸರು ಬದಲಾಗುವುದಿಲ್ಲ.

ನೀನು, ನೀವು ನಮಗೆ ಹೊಸದಲ್ಲ: ‘ತು’, ‘ಉಸ್ತೆದ್’. ಹಿರಿಯರಿಗೆ ‘ಕೊಮೊ ಎಸ್ತಾ ಉಸ್ತೆದ್?’ ಉಸ್ತೆದ್ ಹುಟ್ಟಿದ್ದು ‘ತಮ್ಮ ಕೃಪೆ’ ಎಂಬಂಥ ಮಾತಿನಿಂದ, ಹಾಗಾಗಿ ಕ್ರಿಯಾಪದ ಪ್ರಥಮಪುರುಷದ್ದು. ಎದುರಿಗಿದ್ದವರನ್ನೇ ‘ಸಾಹೇಬರು ಹೇಗಿದ್ದಾರೆ?’ ಅಂತ ಕೇಳಿದ ಹಾಗೆ. ಉತ್ತರ ‘ಬಿಯೆನ್, ಗ್ರಾಸಿಯಾಸ್’, ಚೆನ್ನಾಗಿದ್ದೀನಿ, ಥ್ಯಾಂಕ್ಸ್ ಅಂತ. ‘ಎಸ್ತೊಯ್ ಬುಏನೊ’ ಅನ್ನಬೇಡಿ. ‘ನಾನು ನೋಡೋಕೆ ಸಖತ್ತಾಗಿದ್ದೀನಿ’ ಅಂತ ಆಗುತ್ತದೆ. ಚಳಿಗೆ ‘ತೆಂಗೊ ಫ್ರಿಯೊ’, ನನ್ನಲ್ಲಿ ಚಳಿ ಇದೆ ಅಂತ. ಸೆಖೆಗೆ ‘ತೆಂಗೊ ಕಾಲೊರ್’. ಇದರ ಬದಲು ‘ಎಸ್ತೊಯ್ ಕಾಲಿಯೆಂತೆ’ ಅಂದರೆ ಅದು ಬೇರೆಯೇ ಬಿಸಿ.

ವಯಸ್ಸಿಗೂ ಅದೇ ತೆಂಗೊ: ‘ತೆಂಗೊ ಸಿಂಕ್ವೆಂತ ಆಞೊಸ್’, ನನಗೆ 50 ವರ್ಷ. ಎನ್ ತಲೆಯ ಮೇಲಿನ ಆ ಡೊಂಕು ಗೆರೆ ಅಲಂಕಾರ ಅಲ್ಲ. ಅದನ್ನು ಬಿಟ್ಟು ‘ಆನೊಸ್’ ಅಂದರೆ ನಿಮಗೆ 50 ಗುದದ್ವಾರಗಳಿವೆ ಎಂದು ಘೋಷಿಸಿದಂತೆ. ವರ್ಣಮಾಲೆಯಲ್ಲಿ ಚ ಛ ಜ ಝ ಆದ ಮೇಲೆ ಕೆಲಸವಿಲ್ಲದೆ ಕೂತಿದ್ದ ಞ ಇಷ್ಟು ವರ್ಷಕ್ಕೆ ಮಾನ ಕಾಪಾಡಲು ಬಂದಿದೆ, ಬಳಸಿಕೊಳ್ಳಿ.

ಮಳೆಯಲ್ಲಿ ನೆನೆದು ಬಂದ ಸ್ಪೇನ್‌ನವರು ‘ಎಸ್ತೊಯ್ ಕೊನ್ಸ್ತಿಪಾದೊ’ ಅಂದರೆ ಮಲಬದ್ಧತೆ ಅಲ್ಲ, ನೆಗಡಿ. ಹರಳೆಣ್ಣೆ ಕೆಳಗಿಡಿ, ಕರಿಮೆಣಸಿನ ಕಷಾಯ ಕೊಡಿ. ಮತ್ತೆ ಬಾಳೆಹಣ್ಣು ಖಂಡಿತ ಬೇಡ.

ಪರಿಚಯವಾದ ಕೂಡಲೇ ಸ್ಪೇನ್‌ನ ಹೆಂಗಸರು ಕೆನ್ನೆಗೆ ಕೆನ್ನೆ ತಾಗಿಸಿ ಗಾಳಿಯಲ್ಲಿ ಮುತ್ತಿನ ಸದ್ದು ಮಾಡುವುದುಂಟು, ಎರಡು ಸಲ. ಮೆಕ್ಸಿಕೊ, ಅರ್ಜೆಂಟೀನಾದವರು ಒಂದಕ್ಕೇ ನಿಲ್ಲಿಸುತ್ತಾರೆ. ಎರಡನೆಯದಕ್ಕೆ ಬಾಗಿದವರು ಗಾಳಿಯಲ್ಲೇ ನಿಲ್ಲುತ್ತಾರೆ. ಮೊದಲೇ ಕೈ ಜೋಡಿಸಿಬಿಟ್ಟರೆ ಲೆಕ್ಕದ ತಾಪತ್ರಯವೇ ಇಲ್ಲ.

ಬೀಳ್ಕೊಡುವಾಗ ‘ಆಸ್ತ ಲುಏಗೊ’, ಮತ್ತೆ ಸಿಗೋಣ. ಇನ್ನೆಂದೂ ಸಿಗದ ಅಂಗಡಿಯವನಿಗೂ ಅವರು ಇದನ್ನೇ ಹೇಳುತ್ತಾರೆ, ನಾವು ಹೊರಡುವಾಗ ‘ಬರ್ತೀನಿ’ ಅನ್ನುವ ಹಾಗೆ. ‘ಆಸ್ತ ಮಞಾನ’ ಅಂದರೆ ಮಾತ್ರ ‘ನಾಳೆ ಸಿಗೋಣ’. ಆ ರೂಮನ್ನು ಬೇರೆಯವರಿಗೆ ಕೊಡಬೇಡಿ.